ಮೊದಲು ಕಲ್ಲು, ಆಮೇಲೆ ಲಾಠಿ

ಚಾನೆಲ್ಲಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಕತ್ತರಿ ಎಂದು. ವಿಡಿಯೊ ಕತ್ತರಿಸಿ ಜೋಡಿಸುವುದರಲ್ಲಿ ಅವಳದು ಎತ್ತಿದ ಕೈ. ಮೆರವಣಿಗೆಯ ದಿನ ಪೊಲೀಸರ ಲಾಠಿ ಮೊದಲು ಬಿದ್ದಿತ್ತು, ಕಲ್ಲು ಆಮೇಲೆ ಹಾರಿತ್ತು. ಸುದ್ದಿ ಮುಖ್ಯಸ್ಥ ಹೇಳಿದ್ದಕ್ಕೆ ಅವಳೇ ಅದನ್ನು ಹಿಂದುಮುಂದು ಮಾಡಿದ್ದಳು. ಕಲ್ಲೆಸೆದವನು ಮುಖಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡಿದ್ದ. ಯಾರ ಮನೆ ಮಗನೋ ಎಂದುಕೊಂಡು ಟೀ ಕುಡಿದು ಮನೆಗೆ ಹೋಗಿದ್ದಳು.

ಮರುದಿನ ಪೊಲೀಸರು ಬಂದು ಎಳೆದೊಯ್ದದ್ದು ಅವಳ ಸ್ವಂತ ತಮ್ಮನನ್ನು. ಗಲಭೆ ಶುರು ಮಾಡಿದವನು ಇವನೇ ಎಂಬುದಕ್ಕೆ ಆ ವಿಡಿಯೊವೇ ಸಾಕ್ಷಿ. ತಲೆ ಒಡೆದ ಮೇಲೆ ಕಲ್ಲೆತ್ತಿದೆ ಎಂದು ಅವನು ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಮ್ಮನೊಬ್ಬಳು ನಂಬಿದಳು.

"ಅದನ್ನ ಹಂಗೆ ತಿರುಚಿದೋನ ಕೈ ಸೇದೋಗ! ಇನ್ನೊಂದು ಸ್ವಲ್ಪ ಅನ್ನ ಹಾಕ್ಲಾ ಮಗಳೇ?"

ಮಗಳು ಅರ್ಧ ಊಟಕ್ಕೇ ಎದ್ದು ಕೈ ತೊಳೆದಳು.

ಕತ್ತರಿ ಮುಖ್ಯಸ್ಥನಿಗೆ ಕೈಮುಗಿದಳು. "ಸಾರ್, ಅಸಲಿ ವಿಡಿಯೊ ಒಂದ್ಸಲ ಹಾಕ್ಬಿಡಿ. ಅವನು ನನ್ನ ತಮ್ಮ."

ಆತ ನಕ್ಕ. "ತಮ್ಮನ್ನ ಸರಿಯಾಗಿ ಬೆಳೆಸ್ಬೇಕಿತ್ತು ಕಣಮ್ಮ."

ಆ ನಗು ಅವಳ ಎದೆಯಲ್ಲಿ ಕೆಂಡವಾಗಿ ಕೂತಿತು. ಅವನನ್ನು ಅವನ ಕುರ್ಚಿಯಲ್ಲೇ, ಊರೆಲ್ಲ ನೋಡುವಾಗಲೇ ಸುಡಬೇಕೆಂದು ಹಠ ತೊಟ್ಟಳು.

ಆತ ಮಹಾ ಸೋಮಾರಿ, ಟೈಪ್ ಮಾಡಲೂ ಮೈ ಬಗ್ಗದು. ಅಪ್ಪಣೆಗಳೆಲ್ಲ ವಾಯ್ಸ್ ಮೆಸೇಜಿನಲ್ಲೇ. ಅಂದಿನದೂ ಅವಳ ಫೋನಿನಲ್ಲಿತ್ತು, ಅದರ ಕೆಳಗೆ ಅವಳು ಕೊಟ್ಟ ಉತ್ತರವೂ. ಎಲ್ಲವನ್ನೂ ಅಸಲಿ ವಿಡಿಯೊಗೆ ಜೋಡಿಸಿದಳು. ತನ್ನ ದನಿಯನ್ನು ತೆಗೆದುಹಾಕಲು ಅರೆಕ್ಷಣ ಸಾಕಿತ್ತು. ಬೆರಳು ಎರಡು ಸಲ ಮುಂದೆ ಹೋಗಿ ಎರಡು ಸಲವೂ ಹಿಂದೆ ಬಂತು. ಕತ್ತರಿಸಿದ್ದು ಇಲ್ಲಿಗೆ ಸಾಕು ಎಂದು ಬಿಟ್ಟಳು.

ಸಂಜೆ ನೇರಪ್ರಸಾರದ ಚರ್ಚೆ. ಮುಖ್ಯಸ್ಥನೇ ನಡುವೆ ಕೂತು ಗುಡುಗಿದ. "ಮೊದಲ ಕಲ್ಲು ಯಾರದು? ನೀವೇ ನೋಡಿ!"

ಪ್ರಸಾರದ ಕೋಣೆಯಲ್ಲಿ ಕತ್ತರಿ ಗುಂಡಿ ಒತ್ತಿದಳು. ಲಾಠಿ ಬಿತ್ತು. ತಮ್ಮನ ತಲೆಯಿಂದ ರಕ್ತ ಇಳಿಯಿತು. ಕಲ್ಲು ಹಾರಿದ್ದು ಆಮೇಲೆ. ಅದರ ಬೆನ್ನಿಗೇ ಮುಖ್ಯಸ್ಥನ ದನಿ: "ಮೊದಲು ಕಲ್ಲು ತೋರ್ಸು, ಲಾಠಿ ಆಮೇಲೆ ಬರ್ಲಿ. ನಿಜ ಯಾರಿಗ್ಬೇಕು?"

ಅವನ ಮುಖ ಸುಣ್ಣವಾಯಿತು. ಕತ್ತರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆಗ ಹೆಣ್ಣುದನಿಯೊಂದು ಊರಿಗೆಲ್ಲ ಕೇಳಿಸಿತು: "ಆಯ್ತು ಸಾರ್, ಐದೇ ನಿಮಿಷ."

ಫೋನು ಬಡಿದುಕೊಂಡಿತು. ಅಮ್ಮ.

"ಅದು ನಿನ್ನ ದನಿ ಅಲ್ವೇನೇ?"

"ಹೌದಮ್ಮ."



"ನಿನ್ನ ತಮ್ಮ ಮನೆಗೆ ಬರ್ಲಿ," ಎಂದಳು ಅಮ್ಮ. "ನೀನು ಬರ್ಬೇಡ."