ಆರ್ಲೋ ಸ್ಟೆನೆರುಡ್‌ನ ನಾಲ್ಕಡಿ ಹಳಿ

ಆರ್ಲೋ ಸ್ಟೆನೆರುಡ್ ಯಾವ ಮೇಜನ್ನು ಕಂಡರೂ ಮೊಣಕಾಲು ಮಡಿಸಿ ಕುಗ್ಗಿ, ಕೆನ್ನೆಯನ್ನು ಅದರ ಅಂಚಿಗೆ ತಂದು, ಒಂದು ಕಣ್ಣು ಮುಚ್ಚಿ ಮೇಲ್ಮೈಯುದ್ದಕ್ಕೂ ನೋಟ ಹಾಯಿಸುತ್ತಿದ್ದ. ನಾದಿನಿಯ ಮದುವೆಯಲ್ಲಿ ಕೇಕ್ ಇಟ್ಟಿದ್ದ ಮೇಜಿನ ಮುಂದೆ ಹೀಗೆ ಕುಕ್ಕರಿಸಿ, "ಪೂರ್ವಕ್ಕೆ ಕಾಲಂಗುಲ ವಾಲಿದೆ" ಎಂದು ಪಾದ್ರಿಗೆ ವರದಿ ಒಪ್ಪಿಸಿದವನು ಅವನು. ಅಮೆರಿಕದ ಡುಲೂತ್ ಊರಿನ ರಸ್ತೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ನಕ್ಷೆ ಬರೆದು ನಿವೃತ್ತನಾದ ಮನುಷ್ಯ. ಎತ್ತರದ, ತುಸು ಬಾಗಿದ ದೇಹ. ಬೇಸಿಗೆಯಲ್ಲೂ ಬಿಡದ ಕಂದು ಕ್ಯಾನ್ವಾಸ್ ಕೋಟು. ಎದೆಜೇಬಿನಲ್ಲಿ ಮೊನಚಿನ ಕ್ರಮದಲ್ಲಿ ನಿಲ್ಲಿಸಿದ ಐದು ಪೆನ್ಸಿಲು. "ತಾತ್ವಿಕವಾಗಿ ಹೇಳೋದಾದ್ರೆ" ಎಂದು ಶುರುಮಾಡದೆ ಅವನಿಗೆ ಮಾತೇ ಹೊರಡುತ್ತಿರಲಿಲ್ಲ.

ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ಗುರುವಾರ ಪುಟ್ಟ ರೈಲುಗಳನ್ನು ಕಟ್ಟಿ ಓಡಿಸುವ ನಮ್ಮ ಮಾದರಿ ರೈಲು ಸಂಘ ಸೇರುತ್ತದೆ. ಪ್ರತಿ ಸದಸ್ಯ ನಾಲ್ಕಡಿ ಉದ್ದದ ಹಲಗೆಯ ಮೇಲೆ ತನ್ನದೇ ಹಳಿ, ಗುಡ್ಡ, ಸೇತುವೆಗಳನ್ನು ಕಟ್ಟಿ ತರಬೇಕು. ನವೆಂಬರಿನ ಮೊದಲ ಶನಿವಾರ, ಊರವರೆಲ್ಲ ನೋಡಲು ಬರುವ ದಿನ, ಆ ಹಲಗೆಗಳೆಲ್ಲ ತುದಿಗೆ ತುದಿ ಕೂಡಿ ಒಂದೇ ವರ್ತುಲವಾಗುತ್ತವೆ. ಹೊಸಬರಿಗೆ ಪಾಠ ಹೇಳುವವನು ಆರ್ಲೋ. ನನಗೂ ಅವನೇ ಹೇಳಿದ: "ತಾತ್ವಿಕವಾಗಿ ಹೇಳೋದಾದ್ರೆ, ಮೇಡಂ, ಅಂಗಡಿಗೆ ಹೋಗಿ ಕಂಡದ್ದೆಲ್ಲ ತರಬೇಡಿ. ಒಂದು ಎಂಜಿನ್, ಮೂರು ಡಬ್ಬಿ, ನೆಲದ ಮೇಲೆ ಒಂದು ಸುತ್ತು ಹಳಿ. ಒಂದು ವಾರ ಓಡ್ಸಿ. ಬೇಜಾರಾಗ್ಲಿಲ್ಲ ಅಂದ್ರೆ ಬನ್ನಿ." ಇದಕ್ಕಿಂತ ಒಳ್ಳೆಯ ಸಲಹೆಯನ್ನು ನಾನು ಯಾವ ಪ್ರಾಧ್ಯಾಪಕರಿಂದಲೂ ಕೇಳಿಲ್ಲ.

ಸಲಹೆ ಕೊಟ್ಟವನು ಮಾತ್ರ ಹನ್ನೊಂದು ವರ್ಷಗಳಲ್ಲಿ ಒಂದು ಗೇಣು ಹಳಿಯನ್ನೂ ಹಾಕಿರಲಿಲ್ಲ. ಮೂವತ್ತೇಳು ನಕ್ಷೆ ಬರೆದಿದ್ದ. ಅದಿರು ತುಂಬಿದ ಗಾಡಿ ಸರೋವರದ ದಂಡೆಗೆ ಇಳಿಯುವ ತಿರುವು ಒಂದೊಂದರಲ್ಲೂ ಹಿಂದಿನದಕ್ಕಿಂತ ಸುಂದರವಾಗಿತ್ತು. ಕೊಂಡು ತಂದ ಹಲಗೆ ಮನೆಯ ಮಾಳಿಗೆಯಲ್ಲಿ ಹಾಗೇ ಬಿದ್ದಿತ್ತು. ಹೆಂಡತಿ ವರ್ನಾ ಅದರ ಮೇಲೆ ಜಾಮ್ ಬಾಟಲಿಗಳನ್ನು ಸಾಲಾಗಿ ಇಡುತ್ತಿದ್ದಳು.

ಹೋದ ವರ್ಷ ಡೊಲೊರೆಸ್ ಕಾಪ್ಶ್ ಅಧ್ಯಕ್ಷೆಯಾದಳು. ಬಂದರಿನಲ್ಲಿ ಕ್ರೇನ್ ಓಡಿಸಿದವಳು, ಮೆಲುದನಿ ಅವಳಿಗೆ ಒಗ್ಗದು. ನವೆಂಬರಿನ ಆ ಶನಿವಾರಕ್ಕೆ ಮೂರು ವಾರ ಇರುವಾಗ ಅವಳು ಆರ್ಲೋನ ಮುಂದೆ ಬಂದು ನಿಂತಳು.

"ಆರ್ಲೋ, ಸಂಘದ ನಿಯಮ ಗೊತ್ತಲ್ಲ? ಹಲಗೆ ಇಲ್ಲದವನು ಸದಸ್ಯ ಅಲ್ಲ. ಸಂಘ ಸೇರೋಕೆ ಹೊರಗೆ ಆರು ಜನ ಕಾಯ್ತಿದ್ದಾರೆ."

"ತಾತ್ವಿಕವಾಗಿ..."

"ನಿನ್ನ ತತ್ವಕ್ಕೆ ಬೆಂಕಿ ಬೀಳ! ಸೇತುವೆಯ ಹಲಗೆಗೂ ಗಿರಣಿಯ ಹಲಗೆಗೂ ಮಧ್ಯೆ ನಾಲ್ಕಡಿ ಜಾಗ ಬಿಡ್ತೀನಿ. ಶನಿವಾರ ಬೆಳಿಗ್ಗೆ ಅದು ತುಂಬ್ಲಿಲ್ಲ ಅಂದ್ರೆ ರೈಲು ಸುತ್ತೋದಿಲ್ಲ, ಊರವರು ಯಾಕೆ ಅಂತ ಕೇಳ್ತಾರೆ, ನಾನು ನಿನ್ನ ಕಡೆ ಬೆರಳು ತೋರಿಸ್ತೀನಿ. ಆಮೇಲೆ ನಿನ್ನ ಕುರ್ಚಿ ಬೇರೆಯವರಿಗೆ."

ಹೆಚ್ಚು ಗೆಳೆಯರಿಲ್ಲದ ಆ ಮನುಷ್ಯನಿಗೆ ವಾರದಲ್ಲಿ ಹೋಗಿ ಕೂರಲು ಇದ್ದದ್ದು ಆ ಒಂದೇ ಕುರ್ಚಿ. ಬಿಳುಚಿಕೊಂಡು ಮನೆಗೆ ಹೋದ. ವರ್ನಾ ಆಮೇಲೆ ನನಗೆ ಹೇಳಿದಳು: "ಬಂದವನೇ ಮೂವತ್ತೆಂಟನೇ ನಕ್ಷೆಗೆ ಕಾಗದ ಹಾಸಿದ ಕಣೇ. ನಾನು ಬಾಟಲಿ ಎಲ್ಲ ಎತ್ತಿಟ್ಟೆ. 'ನೋಡು, ಹಲಗೆ ಖಾಲಿ ಇದೆ. ಇನ್ನೊಂದು ಗೀಟು ಎಳೆದ್ರೆ ಇದನ್ನ ಒಲೆಗೆ ಹಾಕ್ತೀನಿ' ಅಂದೆ."

ಮೂರು ವಾರ ಅವನು ಗುರುವಾರದ ಸಭೆಗೂ ಬರಲಿಲ್ಲ. ಗಡುವಿನ ಶನಿವಾರ ಬೆಳಿಗ್ಗೆ, ಊರವರು ಬರಲು ಇನ್ನೂ ಒಂದು ಗಂಟೆ ಇರುವಾಗ, ಕಂಬಳಿಯಲ್ಲಿ ಸುತ್ತಿದ ಹಲಗೆಯನ್ನು ಹೊತ್ತು ಮೆಟ್ಟಿಲಿಳಿದ. ಬೆರಳುಗಳ ತುಂಬ ಅಂಟು, ಒಂದು ಹೆಬ್ಬೆಟ್ಟಿಗೆ ಪಟ್ಟಿ. ಹಲಗೆ ಜಾಗದಲ್ಲಿ ಕೂತಿತು. ಅದಿರಿನ ಗಾಡಿ ಸೇತುವೆ ದಾಟಿ, ಅವನ ನಾಲ್ಕಡಿಯನ್ನು ತಡೆಯಿಲ್ಲದೆ ಹಾದು, ಗಿರಣಿಯ ಹಿಂದೆ ಮರೆಯಾಯಿತು. ಯಾರೋ ಚಪ್ಪಾಳೆ ತಟ್ಟಿದರು.

"ಈಗ ಪಕ್ಕದ ಹಳಿಗೆ ತಿರುಗಿಸೋಣ," ಎಂದು ಡೊಲೊರೆಸ್ ಅವನ ಹಲಗೆಯಲ್ಲಿ ಹಳಿ ಎರಡಾಗುವ ಕವಲಿನ ಸನ್ನೆಕೋಲು ಒತ್ತಿದಳು. ಕವಲು ಅಲುಗಲಿಲ್ಲ. ಮತ್ತೆ ಒತ್ತಿದಳು. ಬಗ್ಗಿ ನೋಡಿದಳು. ಹಳಿಯ ನಡುವಿನ ಜಲ್ಲಿ ಕೂರಲೆಂದು ಸುರಿದ, ನೀರು ಬೆರೆಸಿದ ಅಂಟು ಕವಲಿನೊಳಗೂ ಹರಿದು ಕಲ್ಲಿನಂತೆ ಗಟ್ಟಿಯಾಗಿತ್ತು. ಈ ಹವ್ಯಾಸಕ್ಕೆ ಕೈಹಾಕಿದ ಮೊದಲ ತಿಂಗಳಲ್ಲಿ ಎಲ್ಲರೂ ಮಾಡುವ ತಪ್ಪು ಅದು.

"ಹೋಯ್, ಕವಲಿಗೂ ಅಂಟು ಕುಡಿಸಿದ್ದೀಯಲ್ಲೋ ಮಹಾನುಭಾವ!"

ನೆಲಮಾಳಿಗೆಯೇ ನಕ್ಕಿತು. ನಾನೂ ನಕ್ಕೆ, ಸಂಕೋಚಪಡುವ ಕಾರಣ ಕಾಣಲಿಲ್ಲ. ಆರ್ಲೋ ಕಿವಿಯವರೆಗೆ ಕೆಂಪಾದ. ಕೋಟಿನ ಗುಂಡಿಯನ್ನು ತಿರುಚುತ್ತ, ಆ ಸಂಘದಲ್ಲಿ ಹನ್ನೊಂದು ವರ್ಷಗಳಿಂದ ಯಾರೂ ಅವನ ಬಾಯಿಂದ ಕೇಳದ ಮಾತನ್ನು ಆಡಿದ:

"ಈಗ ಏನು ಮಾಡ್ಬೇಕು?"

"ಬಿಸಿನೀರು ಹಾಕು!" "ಬಿಸಿನೀರೂ ಬೇಡ ಎಂಥದೂ ಬೇಡ, ಕಿತ್ತು ಬಿಸಾಕು, ನಾನು ಎರಡು ಕಿತ್ತಿದ್ದೀನಿ!" "ಎರಡೇನು, ನನ್ನವು ನಾಲ್ಕು!" ಏಳೆಂಟು ಜನ ಒಟ್ಟಿಗೆ ಕೂಗುತ್ತ, ಅಂಟು ತಿಕ್ಕಲು ಹಲ್ಲುಜ್ಜುವ ಬ್ರಷ್ಷು ಹಿಡಿದು ಅವನನ್ನು ಸುತ್ತುವರಿದರು. ಕವಲು ಅಂದು ಬಿಡಲಿಲ್ಲ. ಗಾಡಿ ದಿನವಿಡೀ ನೇರವಾಗಿಯೇ ಸುತ್ತಿತು, ಅವನು ಊಟಕ್ಕೂ ಏಳದೆ ಅದರ ಪಕ್ಕದಲ್ಲೇ ಕೂತಿದ್ದ.

ಇಂಥವರನ್ನು ನಾನು ವಿಶ್ವವಿದ್ಯಾಲಯದಲ್ಲೂ ಕಂಡಿದ್ದೇನೆ: ಆಕರಗಳೆಲ್ಲ ಕಂಠಪಾಠ, ಬರೆಯಬೇಕಾದ ಪ್ರಬಂಧದ ಮೊದಲ ಪುಟ ಮಾತ್ರ ಖಾಲಿ. ಅವರನ್ನು ಸೋಮಾರಿಗಳೆನ್ನುವುದು ಅನ್ಯಾಯ. ಕೆಟ್ಟದ್ದನ್ನು ದೂರದಿಂದಲೇ ಗುರುತಿಸುವ ಕಣ್ಣು ಅವರಿಗಿದೆ, ತಮ್ಮ ಕೈಯ ಮೊದಲ ಕೆಲಸ ಕೆಟ್ಟದಾಗಿಯೇ ಇರುತ್ತದೆಂದು ಅದೇ ಕಣ್ಣು ಅವರನ್ನು ಎಚ್ಚರಿಸುತ್ತಿರುತ್ತದೆ. ಆ ಎಚ್ಚರಿಕೆ ನಿಜವೂ ಹೌದು. ಪ್ರೋತ್ಸಾಹಿಸಿದರೆ ಇನ್ನೊಂದು ನಕ್ಷೆ ಬರೆಯುತ್ತಾರೆ. ಗಡುವು ಕೊಟ್ಟು, ಅವರು ತಪ್ಪು ಮಾಡುವವರೆಗೆ ಕಾದು, ಮಾಡಿದಾಗ ಇವರೂ ನಮ್ಮವರೇ ಎಂದು ಜೋರಾಗಿ ನಗುವ ನಾಲ್ಕು ಜನ ಸಿಕ್ಕರೆ, ಆರ್ಲೋನಂತೆ ಅರವತ್ತೆಂಟರ ವಯಸ್ಸಿನಲ್ಲೂ ಅವರು ಶುರುಮಾಡುತ್ತಾರೆ.