ಹೊಲಿದಿಟ್ಟ ಹಾಳೆಗಳು

ಬಲಗಾಲಿನ ಬೂಟು ಹೇಗೋ ಒಳಗೆ ಹೋಯಿತು; ಎಡಗಾಲಿನದು ಹಿಮ್ಮಡಿಯ ಹತ್ತಿರ ಸಿಕ್ಕಿಕೊಂಡಿತು. ಕೋಚ್ ನೆಲಕ್ಕೆ ಮಂಡಿಯೂರಿ, ಒಂದು ಕೈಯಲ್ಲಿ ಸತ್ತವನ ಕಣಕಾಲು ಹಿಡಿದು ಇನ್ನೊಂದು ಕೈಯಿಂದ ಬೂಟನ್ನು ಒತ್ತುತ್ತಿದ್ದರು. ಅವನು ಕಾಲೇಜಿನ ಪರವಾಗಿ ಪಂದ್ಯಗಳಲ್ಲಿ ಓಡುತ್ತಿದ್ದ ದಿನಗಳ ಬೂಟು ಅದು. ಇಷ್ಟು ವರ್ಷ ಪ್ರಿನ್ಸಿಪಾಲರ ಕೋಣೆಯ ಗಾಜಿನ ಬೀರುವಿನಲ್ಲಿ ಗೆದ್ದ ಕಪ್ಪುಗಳ ನಡುವೆ ಇದ್ದದ್ದನ್ನು ಬೆಳಿಗ್ಗೆ ತಾವೇ ಬೀಗ ತೆಗೆಸಿ ತಂದಿದ್ದರು. ಅವರಿಗೆ ಎಪ್ಪತ್ತು ದಾಟಿತ್ತು; ನಿವೃತ್ತರಾದ ಮೇಲೂ ಕಾಲೇಜು ತಂಡವನ್ನು ಬಿಟ್ಟಿರಲಿಲ್ಲ. ಬಗ್ಗಿ ಬಗ್ಗಿ ಏದುಸಿರು ಬರುತ್ತಿತ್ತು.

“ಬಿಡಿ ಸಾರ್,” ಎಂದ ಸತ್ತವನ ಅಣ್ಣ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮಾತಿಗೆ ಎಣ್ಣೆ ಹಚ್ಚುವ ಅಭ್ಯಾಸವಿಲ್ಲದವನು. “ಇನ್ನಾದ್ರೂ ಅವನನ್ನ ಓಡಿಸ್ಬೇಡಿ.”

ಕೋಚ್ ಕೈ ಹಾಗೆಯೇ ನಿಂತಿತು. ಸತ್ತವನ ಹೆಂಡತಿ ಬಂದು ಎರಡೂ ಬೂಟು ಬಿಚ್ಚಿ ಪಕ್ಕಕ್ಕಿಟ್ಟಳು. ಮುದುಕರು ಎದ್ದು ನಿಲ್ಲಲು ಒದ್ದಾಡುವುದನ್ನು ಕಂಡು ತನ್ನ ಭುಜ ಕೊಟ್ಟಳು.

ಕಾಲೇಜು ಮೈದಾನದ ಹಿಂದಿನ ಎರಡು ಕೋಣೆಯ ಕ್ವಾರ್ಟರ್ಸ್ ಅದು. ಅವಳ ಹೊಲಿಗೆ ಯಂತ್ರವನ್ನು ಮೂಲೆಗೆ ತಳ್ಳಿ ಶವಕ್ಕೆ ಜಾಗ ಮಾಡಿದ್ದರು. ಯಂತ್ರದ ಮೇಲೆ ಕಾಲೇಜು ತಂಡದ ಬನಿಯನ್ನುಗಳು, ಅರ್ಧ ಹೊಲಿದ ನಂಬರುಗಳೊಂದಿಗೆ ಹಾಗೇ ಇದ್ದವು. ಅವನು ಆ ಮೈದಾನದ ಕೆಲಸಗಾರ. ವಿದ್ಯಾರ್ಥಿಯಾಗಿದ್ದಾಗ ಎಲ್ಲರೂ ಅವನನ್ನು ‘ಗಾಳಿ’ ಎನ್ನುತ್ತಿದ್ದರು. ಹೊಟ್ಟೆ ಬಂದು, ತಲೆ ನರೆತ ಮೇಲೂ ಆ ಹೆಸರು ಹೋಗಿರಲಿಲ್ಲ. ನಿನ್ನೆ ಬೆಳಿಗ್ಗೆ ಟ್ರ್ಯಾಕಿಗೆ ಸುಣ್ಣದ ಗೆರೆ ಎಳೆಯುತ್ತಾ ತಿರುವಿನಲ್ಲಿ ಕೂತವನು ಮತ್ತೆ ಏಳಲಿಲ್ಲ. ದಣಿವಾರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡು ಹುಡುಗಿಯರು ಅವನನ್ನು ದಾಟಿ ಎರಡು ಸುತ್ತು ಓಡಿದ್ದರಂತೆ. ಅವರಲ್ಲಿ ಅವನ ಮಗಳೂ ಇದ್ದಳು.

ಮಗಳು ಒಳಕೋಣೆಯ ಮಂಚದ ಮೇಲೆ ಸಂಖ್ಯಾಶಾಸ್ತ್ರದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಓಟದ ಬಲದಿಂದಲೇ ಕಾಲೇಜಿಗೆ ಸೇರಿದವಳು. ಫೀಸು, ಪುಸ್ತಕ, ಬೂಟು ಎಲ್ಲ ಕ್ರೀಡಾ ವಿದ್ಯಾರ್ಥಿವೇತನದ್ದು. ಆ ವೇತನ ಉಳಿಯಬೇಕಾದರೆ ಎಲ್ಲ ವಿಷಯದಲ್ಲೂ ಪಾಸಾಗಬೇಕು. ಈ ಒಂದರಲ್ಲಿ ಕೂದಲೆಳೆಯ ಅಂತರದಲ್ಲಿ ಫೇಲಾಗಿದ್ದಳು. ಮರುಪರೀಕ್ಷೆ ಇವತ್ತು ಮಧ್ಯಾಹ್ನ ಎರಡಕ್ಕೆ. ಮಣ್ಣಿಗೆ ಗೊತ್ತುಮಾಡಿದ್ದು ಮೂರಕ್ಕೆ.

ಸಂಖ್ಯಾಶಾಸ್ತ್ರದ ಮೇಡಂ ಬೆಳಿಗ್ಗೆಯೇ ಫ್ಲಾಸ್ಕಿನಲ್ಲಿ ಚಹಾ ತಂದು ಬಂದವರಿಗೆಲ್ಲ ಬಗ್ಗಿಸಿಕೊಟ್ಟಿದ್ದರು. ಪರೀಕ್ಷೆ ಮುಂದೆ ಹಾಕುವುದು ತಮ್ಮ ಕೈಯಲ್ಲಿಲ್ಲವೆಂದು, ತಾವೇ ತಪ್ಪು ಮಾಡಿದವರ ಹಾಗೆ ಹೇಳಿ, ಹೋಗುವ ಮುಂಚೆ ಲೋಟಗಳನ್ನು ತೊಳೆದು ಬೋರಲು ಹಾಕಿ ಹೋಗಿದ್ದರು.

ಕೋಚ್ ಸತ್ತವನ ಹೆಂಡತಿಯನ್ನು ಬಾಗಿಲ ಹತ್ತಿರ ಕರೆದರು.

“ಅವಳನ್ನ ಕಳಿಸ್ಬೇಡಮ್ಮ. ಅಪ್ಪನ ಹತ್ರ ಇರ್ಲಿ. ಹಾಜರಿ ಬೀಳುತ್ತೆ, ಪೇಪರು ಇನ್ಯಾರೋ ಬರೀತಾರೆ, ತಿದ್ದೋರೂ ನಮ್ಮವರೇ. ಈ ಮನೆ ವಿಷಯಾನೂ ಮಾತಾಡಿದ್ದೀನಿ. ಅವಳು ನಮಗೆ ಓಡ್ತಿರೋವರೆಗೂ ಖಾಲಿ ಮಾಡಿ ಅನ್ನಲ್ಲ.” ಅವರ ಕಣ್ಣು ತುಂಬಿತ್ತು, ಅದು ನಾಟಕವಾಗಿರಲಿಲ್ಲ. “ಅವಳು ಓಡ್ಲಿ ತಾಯಿ. ಉಳಿದಿದ್ದು ನಾನು ನೋಡ್ಕೋತೀನಿ.”

ಅವಳು ತಲೆ ಎತ್ತಿ ಅವರನ್ನು ನೋಡಿದಳು. ಆ ಕೊನೆಯ ಮಾತನ್ನು ಗಂಡನ ಬಾಯಲ್ಲಿ ಎಷ್ಟೋ ಸಲ ಕೇಳಿದ್ದಳು.

*

ಗಾಳಿಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ಮೊದಲ ವರ್ಷದ ಪರೀಕ್ಷೆಯ ದಿನ ಕೋಚ್ ಅವನನ್ನು ಪರೀಕ್ಷೆಯ ಹಾಲಿಗೆ ಬಿಡದೆ ಆಟದ ಸಾಮಾನಿನ ಕೋಣೆಗೆ ಕರೆದುಕೊಂಡು ಹೋಗಿದ್ದರು. ಹರ್ಡಲ್ಲುಗಳು, ಗಾಳಿ ಹೋದ ಚೆಂಡುಗಳ ನಡುವೆ ಒಂದು ಮೇಜು. ಎದುರಿಗೆ ಕೂತ ಸೀನಿಯರ್ ಉತ್ತರ ಓದುತ್ತಾ ಹೋದ, ಇವನು ಬರೆಯುತ್ತಾ ಹೋದ. ರಾತ್ರಿಯೆಲ್ಲ ಓದಿದ್ದೇನೆ, ಎರಡು ಪ್ರಶ್ನೆಯನ್ನಾದರೂ ನಾನೇ ಬರೆಯುತ್ತೇನೆ ಎಂದು ಅವನು ಕೇಳಿಕೊಂಡಿದ್ದ. ನಾಡಿದ್ದು ಫೈನಲ್ಲು ಇಟ್ಟುಕೊಂಡು ತಲೆ ಕೆಡಿಸಿಕೊಳ್ಳಬೇಡ ಎಂದು ಕೋಚ್ ಅವನ ಬೆನ್ನು ಸವರಿದ್ದರು. “ನೀನು ಓಡು. ಉಳಿದಿದ್ದು ನಾನು ನೋಡ್ಕೋತೀನಿ.”

ನೋಡಿಕೊಂಡರು. ಮೂರು ವರ್ಷವೂ ನೋಡಿಕೊಂಡರು. ಕೊನೆಯ ವರ್ಷ ಹಿಮ್ಮಡಿಯ ನರ ಹರಿದಾಗ ಆಸ್ಪತ್ರೆಯಲ್ಲಿ ಪಕ್ಕದ ಬೆಂಚಿನ ಮೇಲೆ ಮಲಗಿದವರು ಅವರೇ. ಪದವಿ ಬಂತು, ಕಾಲು ಹೋಯಿತು. ಪದವಿ ಹಿಡಿದುಕೊಂಡು ಒಂದು ಕಂಪನಿಗೆ ಕೆಲಸ ಕೇಳಲು ಹೋದ. ಒಂದು ಪುಟ ಬರೆದು ತೋರಿಸು ಎಂದರು. ಎರಡು ಸಾಲು ಬರೆದು, ಪೆನ್ನು ಮೇಜಿನ ಮೇಲಿಟ್ಟು, ನೀರು ಕುಡಿದು ಬರುತ್ತೇನೆಂದು ಎದ್ದವನು ಸೀದಾ ಕಾಲೇಜಿಗೆ ವಾಪಸು ಬಂದ. ಕೋಚ್ ಯಾವ ಪ್ರಶ್ನೆಯನ್ನೂ ಕೇಳದೆ ಸುಣ್ಣದ ಡಬ್ಬಿ ಕೊಟ್ಟರು, ಆಮೇಲೆ ಈ ಮನೆ ಕೊಡಿಸಿದರು, ಮದುವೆಗೆ ಮುಂದೆ ನಿಂತರು.

ಬೈದವರ ಬಾಗಿಲಿಂದ ಎದ್ದು ಹೋಗಬಹುದು. ಇಷ್ಟೆಲ್ಲ ಮಾಡಿದವರ ಬಾಗಿಲಿಂದ ಎದ್ದು ಹೋಗುವುದು ಹೇಗೆ? ಮದುವೆಯಾದ ಹೊಸದರಲ್ಲಿ ಬೇರೆ ಊರಿಗೆ ಹೋಗೋಣವೆಂದು ಹೆಂಡತಿ ಕೇಳಿದಾಗ ಅವನು ನಕ್ಕು ಮೈದಾನ ತೋರಿಸಿದ್ದ. “ಎಷ್ಟು ಜೋರಾಗಿ ಓಡಿದ್ರೂ ಹೊರಟ ಜಾಗಕ್ಕೇ ಬರ್ತೀವಿ ಕಣೆ. ಟ್ರ್ಯಾಕು ಮಾಡಿರೋದೇ ಹಾಗೆ.”

*

ಒಳಕೋಣೆಯಲ್ಲಿ ಈಗ ಮೂವರಿದ್ದರು. ಕೋಚ್ ಹೇಳಿದ್ದನ್ನು ತಾಯಿ ಇದ್ದದ್ದು ಇದ್ದ ಹಾಗೆ ಹೇಳಿದಳು. ದೊಡ್ಡಪ್ಪ ಗೋಡೆಗೆ ಒರಗಿ ಕೇಳಿಸಿಕೊಂಡ.

“ಅತ್ತ ದರಿ, ಇತ್ತ ಪುಲಿ,” ಎಂದ. “ಪುಲಿ ಬೇರೆ ನಮಗೆ ಉಪಕಾರ ಮಾಡಿದ ಪುಲಿ.”

ಮಗಳು ನಗಲಿಲ್ಲ. “ಅಮ್ಮ, ಬರೆದ್ರೆ ಫೇಲಾಗ್ತೀನೇನೋ. ಬರೀದಿದ್ರೆ ಪಾಸಾಗ್ತೀನಿ,” ಎಂದಳು. ಶವವಿದ್ದ ಕೋಣೆಯ ಕಡೆ ನೋಡಿ, “ಅಪ್ಪನ್ನ ಬಿಟ್ಟು ಹೇಗೆ ಹೋಗ್ಲಿ?”

ಫೇಲಾದರೆ ವಿದ್ಯಾರ್ಥಿವೇತನ ಹೋಗುತ್ತದೆ, ತಂಡದಿಂದ ಹೆಸರು ಹೋಗುತ್ತದೆ, ತಿಂಗಳೊಳಗೆ ಈ ಮನೆಯೂ ಹೋಗುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ತಾಯಿ ಮಗಳ ತೊಡೆಯ ಮೇಲಿದ್ದ ಪುಸ್ತಕ ತೆಗೆದುಕೊಂಡು ಹಿಂದುಮುಂದು ತಿರುಗಿಸಿದಳು.

*

ಮಗಳು ಮೊದಲ ಸಲ ಫೇಲಾದ ಸಂಜೆ ಗಾಳಿ ಕೂಗಾಡಲಿಲ್ಲ. ಹೆಂಡತಿಯ ಡಬ್ಬಿಯಿಂದ ದಪ್ಪ ಸೂಜಿ, ಕೆಂಪು ದಾರ ತೆಗೆದುಕೊಂಡು, ಪುಸ್ತಕದ ಕೊನೆಯಲ್ಲಿದ್ದ ಉತ್ತರದ ಹಾಳೆಗಳನ್ನು ಪಾಠಕ್ಕೊಂದು ಕಟ್ಟಿನಂತೆ ಅಂಚಿನುದ್ದಕ್ಕೂ ಹೊಲಿದುಬಿಟ್ಟ. ಹೊಲಿಗೆ ಸೊಟ್ಟಪಟ್ಟ, ಬೆರಳಿಗೆ ಸೂಜಿ ಚುಚ್ಚಿಕೊಂಡು ರಕ್ತ ಬೇರೆ.

“ಅಪ್ಪ, ಉತ್ತರ ನೋಡೋದು ಕಳ್ಳತನ ಅಲ್ಲಪ್ಪ, ಎಲ್ಲರೂ ನೋಡ್ತಾರೆ,” ಎಂದು ಮಗಳು ನಕ್ಕಿದ್ದಳು.

“ನೋಡು, ಬೇಡ ಅನ್ನಲ್ಲ. ಮೊದ್ಲು ನೀನು ತಪ್ಪು ಮಾಡು. ನಂಗೆ ಒಂದು ತಪ್ಪು ಮಾಡೋಕೂ ಬಿಡ್ಲಿಲ್ಲ ಯಾರೂ.”

ದಿನಾ ಅಭ್ಯಾಸ ಮುಗಿಸಿ ಬಂದ ಮೇಲೆ ಅವಳು ಲೆಕ್ಕ ಮಾಡುತ್ತಿದ್ದಳು. ಅವನು ಎದುರಿಗೆ ಕೂತಿರುತ್ತಿದ್ದ. ಪುಸ್ತಕದ ಒಂದಕ್ಷರವೂ ಅವನಿಗೆ ತಿಳಿಯುತ್ತಿರಲಿಲ್ಲ. ಅವಳ ಪೆನ್ಸಿಲ್ ಮೊಂಡಾದರೆ ಚೂಪು ಮಾಡಿಕೊಡುತ್ತಿದ್ದ. ಒಂದು ಪಾಠದ ಲೆಕ್ಕವೆಲ್ಲ ಮುಗಿದಾಗ ತಾಯಿ ಕತ್ತರಿ ತಂದು ಆ ಪಾಠದ ಹೊಲಿಗೆ ಬಿಚ್ಚುತ್ತಿದ್ದಳು. ಸರಿಯೋ ತಪ್ಪೋ ಎಂದು ಮೂವರೂ ಬಗ್ಗಿ ನೋಡುತ್ತಿದ್ದರು.

*

ಕೊನೆಯ ಪಾಠದ ಹೊಲಿಗೆ ಇನ್ನೂ ಹಾಗೇ ಇತ್ತು. ತಾಯಿ ಪುಸ್ತಕ ಮುಚ್ಚಿ ಮಗಳ ಕೈಗಿಟ್ಟಳು.

“ಎದ್ದು ಮುಖ ತೊಳ್ಕೋ. ನಾಲ್ಕಕ್ಕೆ ಬಿಡ್ತಾರಲ್ಲ, ನಾವು ಕಾಯ್ತೀವಿ.”

“ಹೆಣ ಇಟ್ಕೊಂಡು ಪರೀಕ್ಷೆಗೆ ಕಾಯೋದೇನಮ್ಮ?” ಎಂದ ದೊಡ್ಡಪ್ಪ. “ನಾಲ್ಕು ಜನ ಏನಂತಾರೆ?”

“ನಾಲ್ಕು ಜನ ಬೇಕಾಗಿರೋದು ಹೊರೋಕೆ, ಭಾವ. ಅದರಲ್ಲಿ ನೀವೊಬ್ಬರು. ಇನ್ನು ಮೂವರಿಗೆ ನೀವೇ ಹೇಳಿ.”

ಅವನು ಗಲ್ಲ ತುರಿಸಿಕೊಂಡ. ಹೊರಗೆ ಹೋಗಿ ಶವವಾಹನದ ಡ್ರೈವರನ ಹತ್ತಿರ ಏನೋ ಮಾತಾಡಿದ. ಹಾಗಾದರೆ ಮನೆಯ ಮುಂದೆ ಬಿಸಿಲಿನಲ್ಲಿ ಬೇಡ, ಪರೀಕ್ಷೆಯ ಹಾಲಿನ ಎದುರು ಮರಗಳಿವೆ, ಅಲ್ಲೇ ನಿಲ್ಲಿಸೋಣ ಎಂದು ಡ್ರೈವರನೇ ಹೇಳಿದ. ಕೋಚ್ ಇದನ್ನೆಲ್ಲ ಕೇಳಿಸಿಕೊಂಡು, ಬಿಚ್ಚಿಟ್ಟ ಬೂಟುಗಳನ್ನು ಎತ್ತಿಕೊಂಡರು. ಅವರ ಮುಖದಲ್ಲಿ ಕೋಪವಿರಲಿಲ್ಲ; ತಾನು ಕೊಟ್ಟದ್ದನ್ನು ಏಕೆ ಬೇಡವೆಂದರು ಎಂದು ಅರ್ಥವಾಗದ ಮಗುವಿನ ನೋವಿತ್ತು. ಆದರೂ ಹೊರಡುವ ಹೊತ್ತಿಗೆ ವ್ಯಾನಿನ ಹಿಂದೆ ಎಲ್ಲರಿಗಿಂತ ಮುಂಚೆ ನಿಂತವರು ಅವರೇ.

ಮೈದಾನದ ಮಗ್ಗುಲಲ್ಲೇ ದಾರಿ. ನಿನ್ನೆಯ ಸುಣ್ಣದ ಗೆರೆ ತಿರುವಿನವರೆಗೆ ಬಂದು ನಿಂತಿತ್ತು.

*

ಪರೀಕ್ಷೆಯ ಹಾಲಿನಲ್ಲಿ ಹತ್ತಿಪ್ಪತ್ತು ಜನ. ಪುಸ್ತಕವನ್ನು ಬಾಗಿಲಲ್ಲೇ ತಾಯಿಗೆ ಕೊಟ್ಟು ಮಗಳು ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತಳು. ಮೇಲ್ವಿಚಾರಣೆಗೆ ಸಂಖ್ಯಾಶಾಸ್ತ್ರದ ಮೇಡಂ. ಬೋರ್ಡಿನ ಮೇಲೆ ಸಮಯ ಬರೆದು ಕೈ ಕೊಡವಿಕೊಂಡರು.

ಮೊದಲ ಲೆಕ್ಕ ಬಂತು. ಎರಡನೆಯದು ಅರ್ಧ ಬಂತು. ಮೂರನೆಯದು ಕೊನೆಯ ಪಾಠದ್ದು, ದೊಡ್ಡ ಲೆಕ್ಕ. ಇದು ಸರಿಯಾದರೆ ದಡ ಸೇರಿದ ಹಾಗೆ. ಅವಳು ಸಾಲಿನಿಂದ ಸಾಲಿಗೆ ನಿಧಾನವಾಗಿ ಇಳಿಯುತ್ತಾ ಬಂದಳು. ಒಂದು ಕಡೆ ಉತ್ತರ ತಾಳೆಯಾಗದೆ ಪೆನ್ಸಿಲ್ ನಿಂತಿತು. ಮತ್ತೆ ಮೇಲಿನಿಂದ ನೋಡತೊಡಗಿದಳು.

ಸುಳಿದಾಡುತ್ತಿದ್ದ ಮೇಡಂ ಅವಳ ಪಕ್ಕದಲ್ಲಿ ನಿಂತರು. ಅವರ ಬೆರಳು ಕೆಳಗಿಳಿದು ನಾಲ್ಕನೆಯ ಸಾಲಿನ ಮೇಲೆ ಕೂತಿತು, ಅಷ್ಟೆ. ಅವರು ಕಿಟಕಿಯ ಕಡೆ, ಮರಗಳ ಕೆಳಗಿನ ವ್ಯಾನಿನ ಕಡೆ ನೋಡುತ್ತಿದ್ದರು. ಆಮೇಲೆ ಸದ್ದಿಲ್ಲದೆ ಮುಂದೆ ಹೋದರು.

ಬೆರಳು ಇದ್ದ ಕಡೆ, ಬರೆದ ಅಂಕಿಗಳ ಮೇಲೆ, ಸೀಮೆಸುಣ್ಣದ ಬಿಳಿ ಗುರುತು ಉಳಿಯಿತು. ತಪ್ಪು ಅಲ್ಲೇ ಇತ್ತು. ಈಗ ಅವಳಿಗೆ ಕಂಡಿತು. ಇನ್ನೊಂದು ನಿಮಿಷ ಬಿಟ್ಟಿದ್ದರೆ ತಾನೇ ಕಂಡುಹಿಡಿಯುತ್ತಿದ್ದಳೇ? ಅದು ಇನ್ನು ಯಾವತ್ತೂ ಗೊತ್ತಾಗುವಂತಿರಲಿಲ್ಲ.

ಅವಳು ಆ ಸಾಲಿನ ಮೇಲೆ ಅಂಗೈ ಮುಚ್ಚಿ ಹೊರಗೆ ನೋಡಿದಳು. ದೊಡ್ಡಪ್ಪ ಚಪ್ಪಲಿ ಬಿಟ್ಟು ಬೇರಿನ ಮೇಲೆ ಕೂತಿದ್ದ. ಕೋಚ್ ಬೂಟುಗಳನ್ನು ಎದೆಗೆ ಹಿಡಿದುಕೊಂಡು ನಿಂತಿದ್ದರು. ವ್ಯಾನಿನ ಹಿಂಬಾಗಿಲ ಮೆಟ್ಟಿಲ ಮೇಲೆ, ಅಪ್ಪನ ಕಾಲಿನ ಹತ್ತಿರ, ತಾಯಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತಾಯಿಯ ಬೆರಳು ಬಿಚ್ಚದೆ ಉಳಿದ ಕೆಂಪು ದಾರದ ಸೊಟ್ಟ ಹೊಲಿಗೆಯ ಮೇಲೆ ಹೋಗುತ್ತಿತ್ತು, ಬರುತ್ತಿತ್ತು, ದಾರವನ್ನು ಎಳೆಯುತ್ತಿರಲಿಲ್ಲ.