ಮುರ್ತುಜಾಸಾಬನ ಪೆನ್ಸಿಲ್ಲು

ಸಿಂದಗಿಯಲ್ಲಿ ಮುರ್ತುಜಾಸಾಬನ ಕ್ಯಾಮೆರಾಕ್ಕಿಂತ ಅವನ ಪೆನ್ಸಿಲ್ಲಿಗೇ ಹೆಸರು ಹೆಚ್ಚು. ಕ್ಯಾಮೆರಾ ಇದ್ದವರು ಇಂಡಿಯಲ್ಲೂ ಇದ್ದರು. ಆದರೆ ಮಗಳ ಫೋಟೊ ವರನ ಮನೆಗೆ ಕಳಿಸಬೇಕಾದಾಗ ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆಯಿಂದಲೂ ಜನ ಎರಡೆರಡು ಬಸ್ಸು ಬದಲಿಸಿ ಇವನ ಮನೆ ಹುಡುಕಿಕೊಂಡು ಬರುತ್ತಿದ್ದರು. ಫಿಲ್ಮು ತೊಳೆದು ಒಣಗಿಸಿದ ಮೇಲೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಸೂಜಿಯಂತೆ ಹೆರೆದ ಪೆನ್ಸಿಲ್ಲಿನಿಂದ ಅದರ ಮೇಲೆ ಚುಕ್ಕಿ ಚುಕ್ಕಿ ಇಡುತ್ತ ಕೂರುತ್ತಿದ್ದ. ಸಿಡುಬಿನ ಕುಳಿ ಮಾಯವಾಗುತ್ತಿತ್ತು, ಕಣ್ಣ ಕೆಳಗಿನ ಕಪ್ಪು ಮಾಯವಾಗುತ್ತಿತ್ತು. ಫಿಲ್ಮಿನಲ್ಲಿ ತೆಳುವಾಗಿರುವ ಜಾಗವನ್ನು ಪೆನ್ಸಿಲ್ಲಿನಿಂದ ತುಂಬಿದರೆ ಕಾಗದದ ಮೇಲೆ ಅದು ಬೆಳ್ಳಗೆ ಮೂಡುತ್ತದೆ, ಗುಟ್ಟು ಇಷ್ಟೇ. ಜಂಬ ಮಾತ್ರ ಮುಗಿಲು ಮುಟ್ಟಿತ್ತು. "ದೇವರು ಅವಸರದಾಗ ಬಿಟ್ಟದ್ದನ್ನ ನಾ ಕುಂತು ಮುಗಸ್ತೇನಿ" ಎಂದು ಚಹಾದಂಗಡಿಯಲ್ಲಿ ಹೇಳಿಕೊಳ್ಳುತ್ತಿದ್ದ. ಅವನ ಹೆಂಡತಿ ಸೈದಾಬಿ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ತೋಬಾ ಎಂದು ಗಲ್ಲ ಮುಟ್ಟಿಕೊಳ್ಳುತ್ತಿದ್ದಳು.

ಎಪ್ಪತ್ತೈದರ ಶ್ರಾವಣದಲ್ಲಿ ಕನ್ನೊಳ್ಳಿಯ ಶಂಕರೆಪ್ಪನ ಮಗಳು ಸಿದ್ದವ್ವ ಪಂಚಮಿಗೆ ತವರಿಗೆ ಬರಲಿಲ್ಲ. ಭೀಮಾ ನದಿಯ ದಂಡೆಯ ಹಳ್ಳಿಯೊಂದಕ್ಕೆ ಅವಳನ್ನು ಕೊಟ್ಟು ಮೂರು ವರ್ಷವಾಗಿತ್ತು. ಕರೆಯಲು ಹೋದ ಅಪ್ಪನಿಗೆ, ಅವಳು ಆಗಲೇ ನಿಮ್ಮೂರಿಗೆ ಹೊರಟು ಹೋದಳಲ್ಲ ಎಂದು ಗಂಡನ ಮನೆಯವರು ಬಾಗಿಲಲ್ಲೇ ನಿಂತು ಹೇಳಿ ಕಳಿಸಿದರು. ಮಗಳ ಫೋಟೊ ಅಂತ ಅವನ ಹತ್ತಿರ ಇದ್ದದ್ದು ಒಂದೇ, ಮದುವೆಗೆ ಮುಂಚೆ ಮುರ್ತುಜಾಸಾಬನಿಂದ ತೆಗೆಸಿದ್ದು. ಬೇರೆ ಗುರುತೇನೂ ಬರೆಸದೆ ಅದನ್ನು ಪೊಲೀಸ್ ಜಮಾದಾರ ಖಂಡೆಪ್ಪನ ಕೈಗೆ ಕೊಟ್ಟು, ತಾನು ಇಂಡಿ, ಚಡಚಣದ ನೆಂಟರ ಮನೆಗಳಲ್ಲಿ ಹುಡುಕಲು ಹೋದ.

ಪಂಚಮಿಯ ಮರುದಿನ ಆಲಮೇಲದ ಆಚೆ ಭೀಮಾ ಹೊಳೆಯ ದಂಡೆಯಲ್ಲಿ, ಜಾಲಿಯ ಪೊದೆಗೆ ಹೆಣ್ಣಿನ ಹೆಣವೊಂದು ಸಿಕ್ಕಿಕೊಂಡಿತ್ತು. ಗುರುತು ಸಿಗದ ಹೆಣ ಬಿದ್ದರೆ ಫೋಟೊ ತೆಗೆಯಲು ಪೊಲೀಸರು ಕರೆಯುತ್ತಿದ್ದದ್ದು ಮುರ್ತುಜಾಸಾಬನನ್ನೇ. ಮೂಗಿಗೆ ರುಮಾಲು ಕಟ್ಟಿಕೊಂಡು ಅವನು ಎರಡು ಫೋಟೊ ತೆಗೆದ. ಮೈಮೇಲೆ ಒಡವೆಯಿರಲಿಲ್ಲ, ಮುಖ ನೀರು ಕುಡಿದು ಬಾತಿತ್ತು. ಎಡಗಿವಿಯಿಂದ ಬಾಯಿಯ ತುದಿಯವರೆಗೆ ಬಾಗಿ ಬಂದ ಹಳೆಯ ಸುಟ್ಟ ಕಲೆಯೊಂದು ಮಾತ್ರ ಸ್ಪಷ್ಟವಾಗಿತ್ತು. ಖಂಡೆಪ್ಪ ಜೇಬಿನಿಂದ ಶಂಕರೆಪ್ಪನ ಮಗಳ ಫೋಟೊ ತೆಗೆದು ಅವನ ಮುಂದೆ ಹಿಡಿದ.

"ಸಾಬ, ಇದು ನೀನ ತಗದದ್ದು. ಈಕಿ ಹೌದೇನ ನೋಡು."

ಮುರ್ತುಜಾಸಾಬ ಫೋಟೊ ನೋಡಿದ. ತೊಳೆದಿಟ್ಟ ತಟ್ಟೆಯಂಥ ಕೆನ್ನೆ. ಹೆಣ ನೋಡಿದ. ಕಲೆ. "ಅಲ್ಲರಿ. ಈ ಹುಡುಗಿ ಗಲ್ಲದ ಮ್ಯಾಲೆ ಏನೂ ಇಲ್ಲ. ನನ್ನ ಕೈಯಾಗಿನ ಫೋಟೊ, ನನಗ ಗೊತ್ತಾಗೂದಿಲ್ಲೇನ್ರಿ?" ಎಂದ.

ಮುನ್ನೂರು ಹುಡುಗಿಯರ ಕೆನ್ನೆ ತಿದ್ದಿದ ಮನುಷ್ಯ ಒಂದು ಗಳಿಗೆ ನಿಂತು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ವಾಸನೆ ತಡೆಯಲಾರದೆ ಮನೆಗೆ ಹೋದರೆ ಸಾಕಾಗಿತ್ತು ಅವನಿಗೆ. ಖಂಡೆಪ್ಪನಿಗೂ ಅಷ್ಟೇ ಬೇಕಾಗಿತ್ತು. ಹೊಳೆ ಏರುತ್ತಿತ್ತು, ಹೆಣ ಇಟ್ಟುಕೊಳ್ಳುವ ಹಾಗಿರಲಿಲ್ಲ. ವಾರಸುದಾರರಿಲ್ಲ ಎಂದು ಬರೆದು, ದಂಡೆಯ ಉಸುಕಿನಲ್ಲೇ ಗುಂಡಿ ತೋಡಿಸಿ ಮಲಗಿಸಿಬಿಟ್ಟರು. ಶಂಕರೆಪ್ಪನ ಮಂದಿ ಸತ್ತವರಿಗೆ ವಿಭೂತಿ ಹಚ್ಚಿ, ಕೂರಿಸಿ ಮಣ್ಣು ಮಾಡುವವರು. ಆದರೆ ಅದು ಶಂಕರೆಪ್ಪನ ಮಗಳಲ್ಲ ಎಂದು ತೀರ್ಮಾನವಾಗಿತ್ತಲ್ಲ.

ರೋಲಿನಲ್ಲಿ ಇನ್ನೂ ಆರು ಫೋಟೊ ಉಳಿದಿದ್ದವು. ಅರ್ಧ ರೋಲು ತೊಳೆಯುವ ಪದ್ಧತಿ ಮುರ್ತುಜಾಸಾಬನದಲ್ಲ. ಪೊಲೀಸರೂ ಅವಸರ ಮಾಡಲಿಲ್ಲ. ಆಗಸ್ಟ್ ಹದಿನೈದರ ಬೆಳಿಗ್ಗೆ ಸಾಲಿಯ ಝಂಡಾವಂದನೆಯಲ್ಲಿ ಉಳಿದದ್ದನ್ನು ಮುಗಿಸಿ, ಊಟವಾದ ಮೇಲೆ ಜೋಳದ ಚೀಲ ಇಡುವ ಕಿಟಕಿಯಿಲ್ಲದ ಕೋಣೆ ಹೊಕ್ಕ. ಅದೇ ಅವನ ಕತ್ತಲೆಕೋಣೆ. ಸೈದಾಬಿ ಹೊರಗಿನಿಂದ ಬಾಗಿಲ ಸಂದಿಗೆ ಕೌದಿ ತುರುಕಿದಳು. ಕತ್ತಲಲ್ಲಿ ಫಿಲ್ಮಿನ ಎರಡೂ ತುದಿ ಹಿಡಿದು, ಒಂದು ಕೈ ಏರಿಸಿ ಒಂದು ಕೈ ಇಳಿಸಿ, ಔಷಧದ ತಟ್ಟೆಯಲ್ಲಿ ಅದ್ದುತ್ತ ಮನಸ್ಸಿನಲ್ಲೇ ಎಣಿಸಿದ. ನೀರಿನಲ್ಲಿ ಜಾಲಿಸಿ, ಮೂಡಿದ ಚಿತ್ರ ನಿಲ್ಲಿಸುವ ಹೈಪೋದಲ್ಲಿ ಮುಳುಗಿಸಿದ. ಇಪ್ಪತ್ತು ವರ್ಷದಿಂದ ಮಾಡುತ್ತಿದ್ದ ಕೆಲಸ, ಕೈಗೆ ಅವನ ಅಪ್ಪಣೆಯೇ ಬೇಕಿರಲಿಲ್ಲ.

ಫಿಲ್ಮು ಒಣಗಿದ ಮೇಲೆ ಕೆಂಪು ದೀಪ ಹಚ್ಚಿ ಹೆಣದ ಫೋಟೊ ಕಾಗದಕ್ಕೆ ಇಳಿಸಿದ. ತಟ್ಟೆಯಲ್ಲಿ ಕಪ್ಪಾದದ್ದು ಮೊದಲು ಮೂಡುತ್ತದೆ. ಕಣ್ಣು ಬರಲಿಲ್ಲ, ಮೂಗು ಬರಲಿಲ್ಲ. ಬಿಳಿ ಕಾಗದದ ಮೇಲೆ ಕಿವಿಯಿಂದ ಬಾಯಿಗೆ ಬಾಗಿದ ಕಲೆಯೊಂದೇ ಬಂದು ನಿಂತಿತು. ಅದನ್ನು ನೋಡುತ್ತಿದ್ದಂತೆ ಅವನ ಬಲಗೈ ತಾನಾಗಿಯೇ ಗಾಳಿಯಲ್ಲಿ ಸಣ್ಣಗೆ ಆಡಿತು, ಪೆನ್ಸಿಲ್ಲು ಹಿಡಿದಾಗಿನ ಹಾಗೆ. ಆ ದಾರಿಯಲ್ಲಿ ಒಮ್ಮೆ ಓಡಾಡಿದ ಕೈ ಅದು.

ಅವನು ಹಳೆಯ ಫಿಲ್ಮುಗಳ ತಗಡಿನ ಪೆಟ್ಟಿಗೆ ಸುರುವಿ, ಮೂರು ವರ್ಷದ ಹಿಂದಿನದನ್ನು ಹುಡುಕಿ ಬಾಗಿಲ ಬೆಳಕಿಗೆ ತಂದ. ನೇರಕ್ಕೆ ಹಿಡಿದರೆ ಏನೂ ಇಲ್ಲ. ಓರೆ ಮಾಡಿದಾಗ ಕೆನ್ನೆಯ ಮೇಲೆ ಪೆನ್ಸಿಲ್ಲಿನ ಮಿರುಗು, ಕಿವಿಯಿಂದ ಬಾಯಿಯ ತುದಿಗೆ. ಆಗ ಎಲ್ಲ ನೆನಪಾಯಿತು. ಹುಡುಗಿಯ ತಾಯಿ ಬಾಳಮ್ಮ ಇದೇ ಹೊಸ್ತಿಲಲ್ಲಿ ಕೂತು, ಸಣ್ಣಾಕಿ ಇದ್ದಾಗ ರೊಟ್ಟಿ ಬಡಿಯುತ್ತಿದ್ದ ತನ್ನ ಮಗ್ಗುಲಲ್ಲೇ ಕಾದ ಹಂಚಿನ ಮೇಲೆ ಬಿದ್ದಳು, ಫೋಟೊದಲ್ಲಿ ಅದೊಂದು ಕಾಣದ ಹಾಗೆ ಮಾಡಿ ಎಂದು ಕೈಮುಗಿದಿದ್ದಳು. ಅರವಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಅವನು ಮೆಲ್ಲಗೆ ಒರೆಸಿದ. ಪೆನ್ಸಿಲ್ಲು ಕರಗಿ ಅರವಿಗೆ ಹತ್ತಿತು. ಮತ್ತೆ ಕಾಗದಕ್ಕೆ ಇಳಿಸಿದಾಗ ಸಿದ್ದವ್ವ ತನ್ನ ಕಲೆಯೊಂದಿಗೆ ಅವನನ್ನು ನೋಡುತ್ತಿದ್ದಳು.

ಎರಡೂ ಫೋಟೊ ಮುಂದಿಟ್ಟುಕೊಂಡು ಅವನು ಚೀಲದ ಮೇಲೆ ಕುಸಿದು ಕೂತ. ಎರಡೂ ಫಿಲ್ಮು ಒಲೆಗೆ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ ಎಂಬ ವಿಚಾರ ಬಂತು. ಬಂದದ್ದಷ್ಟೇ ಅಲ್ಲ, ಬಹಳ ಹೊತ್ತು ಇತ್ತು. ಅವನು ಭಯಸ್ಥ ಮನುಷ್ಯ, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ಕೊನೆಗೆ ಅವನು ಹೇಳಿದ್ದನ್ನೆಲ್ಲ ಕೇಳಿ ಸೈದಾಬಿ ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ.

"ಆ ತಾಯಿ ಬಾಗಲಾ ತಗದ ಕುಂತಿರ್ತಾಳ. ನೀವು ಹೋಗಿ ಹೇಳೂತನಕ ಮುಚ್ಚೂದಿಲ್ಲ" ಎಂದಳು.

ಮರುದಿನ ಅವನು ಮೊದಲು ಖಂಡೆಪ್ಪನ ಹತ್ತಿರ ಹೋಗಿ ಎಲ್ಲ ಹೇಳಿದ. ಜಮಾದಾರ ಅವನನ್ನು ಆಲಮೇಲದ ಬಸ್ಸು ಹತ್ತಿಸಿ ಹೊಳೆಗೆ ಕರೆದುಕೊಂಡು ಹೋದ. ಉಸುಕಿನ ದಂಡೆ ಇದ್ದಲ್ಲಿ ಕೆಂಪು ನೀರು ಹರಿಯುತ್ತಿತ್ತು. ಜಾಲಿಯ ಗಿಡದ ತುದಿಯಷ್ಟೇ ಕಾಣುತ್ತಿತ್ತು. ಗುಂಡಿ ಹೋಗಿತ್ತು, ಗುಂಡಿಯಲ್ಲಿದ್ದವಳೂ ಹೋಗಿದ್ದಳು. ಇನ್ನು ಹೆಣವೇ ಇಲ್ಲದೆ ಗಂಡನ ಮನೆಯವರ ಮೇಲೆ ಏನಂತ ಬರೆಯಲಿ ಎಂದು ಖಂಡೆಪ್ಪ ಸಿಟ್ಟಿನಿಂದ ಕೇಳಿದ. ಆಮೇಲೆ ಜೇಬಿನಲ್ಲಿದ್ದ ನುಣ್ಣನೆಯ ಫೋಟೊ ತೆಗೆದು, ಇದನ್ನು ನೀನೇ ಅವರಿಗೆ ಮುಟ್ಟಿಸು ಎಂದು ಕೊಟ್ಟುಬಿಟ್ಟ.

ಕನ್ನೊಳ್ಳಿಯಲ್ಲಿ ಸೈದಾಬಿ ಹೇಳಿದಂತೆಯೇ ಬಾಗಿಲು ತೆರೆದಿತ್ತು. ಶಂಕರೆಪ್ಪ ಚಡಚಣದಿಂದ ಅದೇ ಆಗ ಬಂದು ಕಟ್ಟೆಯ ಮೇಲೆ ಕೂತಿದ್ದ. ಬಾಳಮ್ಮ ನೀರು ತಂದುಕೊಟ್ಟಳು. ಮುರ್ತುಜಾಸಾಬ ವಿಷಯ ಹೇಳುವ ಬದಲು, ಒರೆಸಿ ಇಳಿಸಿದ ಫೋಟೊವನ್ನೇ ಮೊದಲು ಅವಳ ಕೈಗೆ ಕೊಟ್ಟ. ಅದು ಅವನು ಮಾಡಿದ ಇನ್ನೊಂದು ತಪ್ಪು.

ಬಾಳಮ್ಮನ ಮುಖ ಅರಳಿತು. ಮಗಳ ಕಲೆ ಕಾಣುವ ಫೋಟೊವನ್ನು ಅವಳು ಎಂದೂ ಕಂಡಿರಲಿಲ್ಲ. ಇದು ಹೊಸದೇ ಇರಬೇಕು ಎಂದುಕೊಂಡಳು.

"ನೋಡ್ರಿ, ಈಕಿನ ನಮ್ಮ ಸಿದ್ದಿ" ಎಂದು ಗಂಡನಿಗೆ ತೋರಿಸಿದಳು. "ಯಾವಾಗ ತಗದ್ರಿ ಸಾಬ್ರ? ಎಲ್ಲಿ ಅದಾಳ?"

ಹಳೆಯ ಫಿಲ್ಮಿನದೇ, ಪೆನ್ಸಿಲ್ಲು ಒರೆಸಿದ್ದೇನೆ ಎಂದು ಅವನು ಹೇಳಬೇಕಾಯಿತು. ಹೊಳೆಯ ಹೆಣ, ಉಸುಕು, ನೀರು, ಒಂದೊಂದಾಗಿ ಎಲ್ಲ ಹೇಳಬೇಕಾಯಿತು. ಹೆಣದ ಫೋಟೊವನ್ನು ಶಂಕರೆಪ್ಪನ ಕೈಗೆ ಕೊಟ್ಟ. ಶಂಕರೆಪ್ಪ ಅದನ್ನು ನೋಡಿ ಬೋರಲು ಹಾಕಿ, ಮೇಲೆ ಅಂಗೈ ಇಟ್ಟ. ಆಮೇಲೆ ಕೇಳಿದ.

"ಅಲ್ಲಿ ನೀವೂ ಇದ್ರಿ. ನಿಮಗ ಕೇಳಲಿಲ್ಲೇನು ಅವರು?"

"ಕೇಳಿದ್ರು."

"ಏನಂದ್ರಿ?"

"ಅಲ್ಲ ಅಂದೆ" ಎಂದ ಮುರ್ತುಜಾಸಾಬ.

ಹೊಡೆಯುತ್ತಾನೆ ಎಂದುಕೊಂಡಿದ್ದ, ಹೊಡೆದಿದ್ದರೆ ಹಗುರವಾಗುತ್ತಿತ್ತು. ಶಂಕರೆಪ್ಪ ಕೈ ಎತ್ತಲಿಲ್ಲ. ಬಾಳಮ್ಮ ಅಳುತ್ತಿರಲಿಲ್ಲ. ಮಡಿಲಲ್ಲಿದ್ದ ಮಗಳ ಕೆನ್ನೆಯನ್ನು ನೋಡುತ್ತ, "ಆ ಕಲಿ ಆಗಿದ್ದೂ ನನ್ನ ಕಣ್ಣ ಮುಂದ, ಅಳಸ್ರಿ ಅಂದಾಕಿನೂ ನಾನ" ಎಂದಳು. ಅದು ಇವನಿಗೆ ಹೇಳಿದ ಮಾತಾಗಿರಲಿಲ್ಲ.

ಇನ್ನೇನು ಮಾಡಬೇಕೆಂದು ತಿಳಿಯದೆ ಅವನು ಜೇಬಿನಿಂದ ನುಣ್ಣನೆಯ ಫೋಟೊ ತೆಗೆದು ಕಟ್ಟೆಯ ಮೇಲಿಟ್ಟು ಎದ್ದ. ಮೂರು ಹೆಜ್ಜೆ ಹೋಗುವಷ್ಟರಲ್ಲಿ ಬಾಳಮ್ಮ ಹಿಂದಿನಿಂದ ಬಂದು ಅದನ್ನು ಅವನ ಕೈಗೇ ಮರಳಿಸಿದಳು.

"ಈಕಿನ್ನ ನಾ ಹಡದಿಲ್ಲರಿ" ಎಂದಳು. "ಈಕಿ ನಿಮ್ಮಾಕಿ. ತಗೊಂಡ ಹೋಗ್ರಿ."

ಅವನು ಆ ಫೋಟೊ ಹಿಡಿದುಕೊಂಡು ಸಿಂದಗಿಯ ಬಸ್ಸಿಗೆ ನಿಂತ.